ಎರಡು ತೋಳು, ಎರಡು ಅಳತೆ: ಕೈಹೆಣಿಗೆಯ ಸ್ವೆಟರಿನಲ್ಲಿ ದೋಷ ಹುಡುಕುವ ಕ್ರಮ

ಹೆಣೆದು ಮುಗಿಸಿದ ಸ್ವೆಟರಿನ ಒಂದು ತೋಳು ಮಣಿಕಟ್ಟಿನಲ್ಲೇ ನಿಂತು ಇನ್ನೊಂದು ಬೆರಳಿನ ಗೆಣ್ಣಿನವರೆಗೆ ಇಳಿದಾಗ, ಅಥವಾ 32 ಇಂಚಿಗೆಂದು ಲೆಕ್ಕ ಹಾಕಿದ ಎದೆಸುತ್ತು 35ಕ್ಕೆ ಹೋಗಿ ನಿಂತಾಗ, ನಮ್ಮಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ನೂಲಿನ ತುದಿ ಹುಡುಕಿ ಬಿಚ್ಚಲು ಕೂರುವುದು. ಎರಡನೆಯ ಕೆಲಸ, ತನ್ನ ಕೈಯೇ ಸರಿಯಿಲ್ಲವೆಂದು ತನ್ನನ್ನೇ ಬೈದುಕೊಳ್ಳುವುದು. ಎರಡನ್ನೂ ಸ್ವಲ್ಪ ಹೊತ್ತು ತಡೆಹಿಡಿಯಬೇಕು. ಬಿಚ್ಚಿದ ಉಣ್ಣೆಯಲ್ಲಿ ತಪ್ಪು ಎಲ್ಲಿತ್ತೆಂಬ ಗುರುತು ಉಳಿಯುವುದಿಲ್ಲ. ಅದೇ ಕಡ್ಡಿಯನ್ನೂ ಅದೇ ಉಣ್ಣೆಯನ್ನೂ ಹಿಡಿದು ಮತ್ತೆ ಹೆಣೆದರೆ ಅದೇ ತಪ್ಪು ಮತ್ತೆ ಎದುರಾಗುತ್ತದೆ. ಶಿರಸಿಯ ನಮ್ಮ ಮನೆಯಲ್ಲಿಯೂ ಕಾರವಾರದ ಅತ್ತಿಗೆಯ ಮನೆಯಲ್ಲಿಯೂ ವರ್ಷಗಟ್ಟಲೆ ಹೆಣೆದು, ಬಿಚ್ಚಿ, ಮತ್ತೆ ಹೆಣೆದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇಷ್ಟು: ಕೈಯ ಬಿಗಿ-ಸಡಿಲವನ್ನು ಅನುಮಾನಿಸಬೇಕಾದದ್ದು ಕೊನೆಗೆ, ಮೊದಲಲ್ಲ. ಅದಕ್ಕೆ ಮುಂಚೆ ಎಣಿಕೆ, ಒಣಗಿಸಿದ ಬಗೆ, ನೂಲಿನ ಜಾತಿ ಮತ್ತು ಕಡ್ಡಿಯ ದಪ್ಪ, ಈ ನಾಲ್ಕನ್ನು ಈ ಕ್ರಮದಲ್ಲೇ ನೋಡಿ ಮುಗಿಸಬೇಕು.

ಕೆಳಗಿನ ಮಾತೆಲ್ಲ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದ ಸಾಮಾನ್ಯ ಬಟ್ಟೆಗೆ ಸಂಬಂಧಿಸಿದ್ದು. ನಿಟ್ ಮತ್ತು ಪರ್ಲ್ ಎಂದು ಕಲಿತವರು ಸೀದಾ ಮತ್ತು ಉಲ್ಟಾ ಎಂಬುದನ್ನು ಹಾಗೆಯೇ ಓದಿಕೊಳ್ಳಬಹುದು.

ಮೊದಲು ಎಣಿಕೆ, ಆಮೇಲೆ ಟೇಪು

ತೋಳುಗಳನ್ನು ಜೋಡಿಸಿದ ಹೊಲಿಗೆಯನ್ನಷ್ಟೇ ಬಿಚ್ಚಿ, ಎರಡನ್ನೂ ಚಾಪೆಯ ಮೇಲೆ ಎಳೆಯದೆ, ಅದುಮದೆ ಹರಡಿ ಒಂದು ಗಂಟೆ ಹಾಗೆಯೇ ಬಿಡಬೇಕು. ಮಡಚಿಟ್ಟ ಹೆಣಿಗೆ ತನ್ನ ಸಹಜ ಅಳತೆಗೆ ಮರಳಲು ಅಷ್ಟು ಹೊತ್ತು ಬೇಕು. ಆಮೇಲೆ ಬಾರ್ಡರ್ ಮುಗಿದಲ್ಲಿಂದ ಕಂಕುಳಿನವರೆಗೆ ಸಾಲುಗಳನ್ನು ಎಣಿಸಬೇಕು. ಸೀದಾ ಬದಿಯಲ್ಲಿ ಪ್ರತಿಯೊಂದು ಕುಣಿಕೆಯೂ ಎರಡು ಕಾಲು ಅಗಲಿಸಿ ನಿಂತ 'ವಿ' ಅಕ್ಷರದಂತೆ ಕಾಣುತ್ತದೆ. ಒಂದರ ಮೇಲೊಂದು ಕುಳಿತ ಇಂತಹ ಒಂದೇ ಕಂಬವನ್ನು ಹಿಡಿದು, ಪಕ್ಕಕ್ಕೆ ಜಾರದೆ, ಪ್ರತಿ ಹತ್ತನೆಯ ಕುಣಿಕೆಗೆ ಒಂದು ಗುಂಡುಪಿನ್ನು ಚುಚ್ಚುತ್ತ ಮೇಲೇರಿದರೆ ಎಣಿಕೆ ತಪ್ಪುವುದಿಲ್ಲ. ಟೇಪನ್ನು ಮುಟ್ಟಬೇಕಾದದ್ದು ಇದಾದ ಮೇಲೆ. ಹೆಣಿಗೆ ಹಿಗ್ಗುವ ಬಟ್ಟೆಯಾದ್ದರಿಂದ ಟೇಪು ನಮಗೆ ಬೇಕಾದ ಉತ್ತರವನ್ನೇ ಕೊಡುತ್ತದೆ. ಸಾಲಿನ ಎಣಿಕೆಗೆ ಹಾಗೆ ಬಗ್ಗುವ ಗುಣವಿಲ್ಲ.

ಎರಡು ತೋಳುಗಳ ಎಣಿಕೆಯೇ ಬೇರೆಯಾಗಿದ್ದರೆ ದೋಷ ಸಿಕ್ಕಿತು, ಮುಂದೆ ಓದುವ ಅಗತ್ಯವಿಲ್ಲ. ಉದ್ದದ ತೋಳನ್ನು ಮೇಲಿನಿಂದ ಅಷ್ಟು ಸಾಲು ಬಿಚ್ಚಿದರೆ ಸಾಕು. ಎಣಿಕೆ ಸಮನಾಗಿದ್ದೂ ಉದ್ದ ಬೇರೆಯಾಗಿದ್ದರೆ ಮಾತ್ರ ಅಗಲದ ಕಡೆಗೆ ಗಮನ ಕೊಡಬೇಕು, ಏಕೆಂದರೆ ನಿಜವಾದ ಸುಳಿವು ಇರುವುದು ಅಲ್ಲಿ. ಸಡಿಲವಾಗಿ ಹೆಣೆದ ತೋಳು ಉದ್ದವೂ ಆಗುತ್ತದೆ, ಅಗಲವೂ ಆಗುತ್ತದೆ. ಸರಿಯಾಗಿ ಹೆಣೆದು ಆಮೇಲೆ ಜಗ್ಗಿಹೋದ ತೋಳು ಉದ್ದವಾಗಿ ಸಪೂರವಾಗುತ್ತದೆ. ಮೊದಲನೆಯದು ಹೆಣೆಯುವಾಗ ಆದ ತಪ್ಪು, ಎರಡನೆಯದು ಹೆಣೆದಾದ ಮೇಲೆ ಆದದ್ದು.

ಬಚ್ಚಲ ಒಲೆಯ ಮೇಲಿನ ಗಳ

ನಾನೇ ಹೆಣೆದ ಒಂದು ಸ್ವೆಟರಿನ ಎರಡೂ ತೋಳುಗಳಲ್ಲಿ ಸರಿಯಾಗಿ 112 ಸಾಲುಗಳಿದ್ದವು. ಇಂಚಿಗೆ 8 ಸಾಲಿನ ಲೆಕ್ಕದಲ್ಲಿ 14 ಇಂಚು ಬರಬೇಕಿತ್ತು. ಒಂದು ತೋಳು ಹಾಗೆಯೇ ಬಂದಿತ್ತು, ಇನ್ನೊಂದು ಹದಿನೈದೂವರೆ ಇಂಚಿತ್ತು. ಅಗಲದಲ್ಲಿ ನೋಡಿದರೆ, ಸರಿಯಿದ್ದ ತೋಳಿನಲ್ಲಿ 4 ಇಂಚಿಗೆ 24 ಕುಣಿಕೆ. ಉದ್ದದ ತೋಳಿನಲ್ಲಿ ಅದೇ 4 ಇಂಚಿಗೆ 26. ಅಂದರೆ ಕುಣಿಕೆಗಳು ಒತ್ತಾಗಿ, ತೋಳು ಸಪೂರವಾಗಿತ್ತು. ಕೈ ಸಡಿಲವಾಗಿದ್ದರೆ ಹೀಗಾಗಲು ಸಾಧ್ಯವೇ ಇಲ್ಲ.

ಮನೆಯವರನ್ನು ವಿಚಾರಿಸಿದಾಗ ಕಾರಣ ಹೊರಬಂತು. ಆಷಾಢದ ಮಳೆಯಲ್ಲಿ ಬಟ್ಟೆ ಒಣಗಿಸುವ ಕಷ್ಟ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ; ನಾಲ್ಕು ದಿನವಾದರೂ ಜಗುಲಿಯಲ್ಲಿ ಹಾಕಿದ್ದು ಹಸಿಯಾಗಿಯೇ ಇರುತ್ತದೆ, ಐದನೆಯ ದಿನ ಮುಗ್ಗಲು ವಾಸನೆ ಶುರುವಾಗುತ್ತದೆ. ಆದ್ದರಿಂದ ಬಚ್ಚಲ ಹಂಡೆಯ ಒಲೆಯ ಮೇಲೆ ಕಟ್ಟಿದ ಬಿದಿರಿನ ಗಳಕ್ಕೆ ಬಟ್ಟೆ ನೇತುಹಾಕುವುದು ರೂಢಿ. ಹೊಲಿಯುವ ಮುನ್ನ ತೊಳೆದ ತೋಳುಗಳಲ್ಲಿ ಒಂದನ್ನು ಗಳದ ಮೇಲೆ ಮಡಚಿ ಹಾಕಿದ್ದರು, ಇನ್ನೊಂದನ್ನು ಅದರ ತುದಿಯಿಂದ ಇಳಿಬಿಟ್ಟಿದ್ದರು. ಇಳಿಬಿಟ್ಟ ತೋಳು ನೀರಿನ ಭಾರಕ್ಕೆ ಜಗ್ಗಿತು, ಕೆಳಗಿನ ಶಾಖಕ್ಕೆ ಹಾಗೆಯೇ ನಿಂತುಬಿಟ್ಟಿತು.

ಹೀಗೆ ನಿಂತುಬಿಡುವುದು ಎಲ್ಲ ನೂಲಿನ ಗುಣವಲ್ಲ, ಮತ್ತು ನೂಲಿನ ಜಾತಿಯನ್ನು ತಿಳಿಯದೆ ಮುಂದುವರಿಯಬಾರದೆಂದು ಹೇಳುವುದು ಇದಕ್ಕಾಗಿಯೇ. ನಮ್ಮ ಪೇಟೆಗಳಲ್ಲಿ ಉಣ್ಣೆಯೆಂದು ಕೇಳಿದರೆ ಕೈಗೆ ಬರುವುದು ಬಹುಮಟ್ಟಿಗೆ ಅಕ್ರಿಲಿಕ್ ನೂಲು. ಅನುಮಾನವಿದ್ದರೆ ಒಂದು ಬೆರಳುದ್ದದ ತುಂಡನ್ನು ಇಕ್ಕಳದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ದೀಪಕ್ಕೆ ಒಡ್ಡಬೇಕು. ಕುರಿಯ ಉಣ್ಣೆ ಸುಟ್ಟ ಕೂದಲಿನ ವಾಸನೆ ಬೀರಿ, ದೀಪದಿಂದ ತೆಗೆದೊಡನೆ ತಾನೇ ಆರುತ್ತದೆ; ಅದರ ಬೂದಿ ಬೆರಳಿನಲ್ಲಿ ಪುಡಿಯಾಗುತ್ತದೆ. ಹತ್ತಿ ಕಾಗದದಂತೆ ಉರಿದು ಮೆತ್ತಗಿನ ಬೂದಿಯಾಗುತ್ತದೆ. ಅಕ್ರಿಲಿಕ್ ಕರಗುತ್ತ ಉರಿದು, ಆರಿದ ಮೇಲೆ ಉಗುರಿಗೂ ಒಡೆಯದ ಕಪ್ಪು ಮಣಿಯಾಗಿ ಉಳಿಯುತ್ತದೆ.

ಕುರಿಯ ಉಣ್ಣೆ ಜಗ್ಗಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಟವೆಲಿನಲ್ಲಿ ಸುತ್ತಿ ನೀರು ಹಿಂಡಿ, ಚಾಪೆಯ ಮೇಲೆ ಬೇಕಾದ ಅಳತೆಗೆ ತಳ್ಳಿ ಕೂರಿಸಿ ಒಣಗಿಸಿದರೆ ಬಹುಪಾಲು ಹಿಂದಕ್ಕೆ ಬರುತ್ತದೆ. ಹತ್ತಿಯೂ ಒಗೆದಾಗ ಸ್ವಲ್ಪ ಕೂಡಿಕೊಳ್ಳುತ್ತದೆ. ಶಾಖದಲ್ಲಿ ಜಗ್ಗಿ ನಿಂತ ಅಕ್ರಿಲಿಕ್ ಮಾತ್ರ ಹಿಂತಿರುಗುವುದಿಲ್ಲ; ಬಿಸಿ ಇಸ್ತ್ರಿಪೆಟ್ಟಿಗೆ ತಾಗಿ ಜೋಲಾದ ಅಕ್ರಿಲಿಕ್ ಸ್ವೆಟರಿನದೂ ಇದೇ ಗತಿ. ಅಂದ ಹಾಗೆ, ಮಳೆಗಾಲದ ಥಂಡಿಗೆ ಉಣ್ಣೆ ಹಿಗ್ಗುತ್ತದೆಂಬ ಮಾತು ಕರಾವಳಿಯಲ್ಲಿ ಬಹಳ ಕೇಳಿಬರುತ್ತದೆ. ಕುರಿಯ ಉಣ್ಣೆಯ ಮಟ್ಟಿಗೆ ಅದನ್ನು ತಳ್ಳಿಹಾಕಲಾಗದು: ಗಾಳಿಯ ತೇವ ನೂರಕ್ಕೆ 65ರಷ್ಟಿರುವಾಗ ಒಣ ಉಣ್ಣೆ ತನ್ನ ತೂಕದ ನೂರಕ್ಕೆ ಸುಮಾರು 16 ಪಾಲು ನೀರನ್ನು ಹೀರಿಕೊಂಡಿರುತ್ತದೆ, ಹತ್ತಿ ಸುಮಾರು 8 ಪಾಲು. ಅಕ್ರಿಲಿಕ್ ಹೀರುವುದು 2 ಪಾಲಿಗೂ ಕಡಿಮೆ. ಆದ್ದರಿಂದ ಅಕ್ರಿಲಿಕ್ ಸ್ವೆಟರಿನ ತಪ್ಪನ್ನು ಕಾರವಾರದ ಹವೆಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಜಗ್ಗಿದ ಆ ತೋಳನ್ನು ಪೂರ್ತಿ ಬಿಚ್ಚದೆ ಸರಿಪಡಿಸಿದ್ದು ಹೀಗೆ. ಅದರಲ್ಲಿ ಈಗ ಇಂಚಿಗೆ 7ಕ್ಕಿಂತ ತುಸು ಹೆಚ್ಚು ಸಾಲುಗಳಿದ್ದುದರಿಂದ, ಹೆಚ್ಚಾದ ಒಂದೂವರೆ ಇಂಚೆಂದರೆ ಸುಮಾರು 11 ಸಾಲು. ಬಾರ್ಡರಿನಿಂದ ಮೇಲೆ 11 ಸಾಲು ಎಣಿಸಿ, ಹನ್ನೆರಡನೆಯ ಸಾಲಿನ ಎಲ್ಲ ಕುಣಿಕೆಗಳ ಬಲಗಾಲಿನೊಳಗೆ ಒಂದು ಸಪೂರ ಕಡ್ಡಿಯನ್ನು ಪೋಣಿಸಿಕೊಂಡೆ. ಆಮೇಲೆ ಹನ್ನೊಂದನೆಯ ಸಾಲಿನ ನಡುವೆ ಒಂದೇ ಒಂದು ಕುಣಿಕೆಯನ್ನು ಕತ್ತರಿಸಿ, ಸೂಜಿಯ ಮೊನೆಯಿಂದ ಆ ನೂಲನ್ನು ಎರಡೂ ಕಡೆಗೆ ಕುಣಿಕೆ ಕುಣಿಕೆಯಾಗಿ ಬಿಡಿಸಿದಾಗ ಬಾರ್ಡರಿನ ಭಾಗ ಕಳಚಿ ಕೈಗೆ ಬಂತು, ಮೇಲಿನ ಕುಣಿಕೆಗಳು ಕಡ್ಡಿಯ ಮೇಲೆ ಕ್ಷೇಮವಾಗಿ ಉಳಿದವು. ಅಲ್ಲಿಂದ ಕೆಳಮುಖವಾಗಿ ಬಾರ್ಡರನ್ನು ಹೊಸದಾಗಿ ಹೆಣೆದದ್ದಾಯಿತು. ದಿಕ್ಕು ತಿರುಗಿದ್ದರಿಂದ ಅರ್ಧ ಕುಣಿಕೆಯಷ್ಟು ಪಕ್ಕಕ್ಕೆ ಸರಿಯುತ್ತದೆ, ಆದರೆ ಬಾರ್ಡರ್ ಶುರುವಾಗುವ ಗೆರೆಯಲ್ಲಿ ಅದು ಕಾಣುವುದಿಲ್ಲ. ತೋಳು ಮೇಲೆ ಹೋದಂತೆ ಅಗಲವಾಗಲೆಂದು ಆ 11 ಸಾಲುಗಳೊಳಗೆ ಕುಣಿಕೆ ಹೆಚ್ಚಿಸಿದ್ದರೆ, ಕೆಳಮುಖದ ಮೊದಲ ಸಾಲಿನಲ್ಲೇ ಅಷ್ಟನ್ನು ಜೋಡಿಸಿ ಕಡಿಮೆ ಮಾಡಿಕೊಳ್ಳಬೇಕು. ತೋಳಿನ ಅಗಲದಲ್ಲಿ ಆದ ಸಣ್ಣ ಕೊರತೆ ಹಾಗೆಯೇ ಉಳಿಯಿತು. ತೊಟ್ಟಾಗ ತಿಳಿಯುವುದಿಲ್ಲ, ನನಗೆ ಮಾತ್ರ ಗೊತ್ತು.

ಕಡ್ಡಿಯ ನಂಬರನ್ನು ನಂಬಬಾರದು

ಉದ್ದ, ಅಗಲ ಎರಡೂ ಹೆಚ್ಚಿದ್ದರೆ ಕಡ್ಡಿಯನ್ನು ಪರೀಕ್ಷಿಸಬೇಕು. ಇಂಚಿಗೆ 6 ಕುಣಿಕೆ ಬರುವ ಲೆಕ್ಕದಲ್ಲಿ ಮುಂದೆ 96, ಹಿಂದೆ 96 ಕುಣಿಕೆ ಹಾಕಿದರೆ ಸುತ್ತಳತೆ 32 ಇಂಚು. ಅದೇ ಇಂಚಿಗೆ ಐದೂವರೆ ಆದರೆ ಸುತ್ತಳತೆ 35ಕ್ಕೆ ಹತ್ತಿರ. ಇಂಚಿಗೆ ಅರ್ಧ ಕುಣಿಕೆಯ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಲ್ಲ, ಆದರೆ ಕಡ್ಡಿ ಒಂದು ನಂಬರು ಆಚೀಚೆಯಾದರೆ ಅಷ್ಟು ಬರಬಹುದು.

ಗೊಂದಲದ ಮೂಲ ಎರಡು. ನಮ್ಮಲ್ಲಿ ಬಳಕೆಯಲ್ಲಿರುವುದು ಹಳೆಯ ಬ್ರಿಟಿಷ್ ಕ್ರಮ; ಅದರಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ಸಪೂರ. ಅಮೆರಿಕದ ಕ್ರಮದಲ್ಲಿ ನಂಬರು ಹೆಚ್ಚಿದಷ್ಟೂ ದಪ್ಪ. ನಮ್ಮ 8 ನಂಬರಿನ ಕಡ್ಡಿ 4 ಮಿ.ಮೀ., ಅವರ 8 ನಂಬರಿನದು 5 ಮಿ.ಮೀ. ನಮ್ಮ 10 ಎಂದರೆ 3.25 ಮಿ.ಮೀ., ಅವರ 10 ಎಂದರೆ 6 ಮಿ.ಮೀ. ಮೊಬೈಲಿನಲ್ಲಿ ವಿಡಿಯೊ ನೋಡಿ ಹೆಣೆಯುವವರು ನಂಬರನ್ನು ಬಿಟ್ಟು ಮಿಲಿಮೀಟರನ್ನೇ ಬರೆದುಕೊಳ್ಳುವುದು ಕ್ಷೇಮ.

ಎರಡನೆಯದು, ನಂಬರೇ ಅಳಿಸಿಹೋದ ಹಳೆಯ ಕಡ್ಡಿಗಳು. ಅಮ್ಮನ ಡಬ್ಬಿಯಲ್ಲಿದ್ದ ಅಂತಹ ಹದಿನಾಲ್ಕು ಕಡ್ಡಿಗಳನ್ನು ಅಳೆಯಲು ನನಗೆ ಸಿಕ್ಕ ಉಪಾಯ ಪಂಪ್‌ಸೆಟ್ಟಿನ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿಯಲ್ಲಿತ್ತು. ತಾಮ್ರದ ತಂತಿಯ ದಪ್ಪ ನೋಡಲು ಅವರು ಇಟ್ಟುಕೊಳ್ಳುವ, ಅಂಚಿನ ಸುತ್ತ ಕಂಡಿ ಕೊರೆದ ಉಕ್ಕಿನ ಬಿಲ್ಲೆ ಬ್ರಿಟನ್ನಿನಲ್ಲಿ 1884ರಲ್ಲಿ ಜಾರಿಗೆ ಬಂದ ತಂತಿ ಗೇಜಿನ ಲೆಕ್ಕದ್ದು, ಮತ್ತು ಹಳೆಯ ಹೆಣಿಗೆ ಕಡ್ಡಿಯ ನಂಬರುಗಳೂ ಅದೇ ಲೆಕ್ಕದವು. ನಾನು ಕಡ್ಡಿಯನ್ನು ಕಂಡಿಯ ಬುಡದಲ್ಲಿರುವ ದುಂಡು ತೂತಿಗೆ ತುರುಕಲು ಹೋದಾಗ ಅಂಗಡಿಯವರು ತಡೆದರು: "ಅಕ್ಕಾ, ತೂತಲ್ಲಲ್ಲ, ಕಂಡೀಲಿ ನೋಡ್ಬೇಕು." ಸೀಳು ಕಂಡಿಯಲ್ಲಿ ಆಟವಿಲ್ಲದೆ, ಒತ್ತದೆ ದಾಟಿದ್ದೇ ನಿಜವಾದ ನಂಬರು. ಮಿಲಿಮೀಟರಿನ ಲೆಕ್ಕದಲ್ಲಿ ಬರುವ ಹೊಸ ಕಡ್ಡಿಗಳಲ್ಲಿ 9ಕ್ಕೆ 3.75, 12ಕ್ಕೆ 2.75 ಎಂದು ದುಂಡಾಗಿಸಿರುವುದರಿಂದ ಅವು ಈ ಕಂಡಿಗಳಲ್ಲಿ ತುಸು ಬಿಗಿಯಾಗುತ್ತವೆ. ಹಳೆಯ ಅಲ್ಯೂಮಿನಿಯಂ ಕಡ್ಡಿಗಳು ಸರಿಯಾಗಿ ಕೂರುತ್ತವೆ. ಡಬ್ಬಿಯಲ್ಲಿದ್ದ ಎರಡು ಉಕ್ಕಿನ ಕಡ್ಡಿಗಳು 14ರಲ್ಲಿ ಕುಳಿತವು. ಅವು ತುದಿ ಮಸೆದ ಸೈಕಲ್ ಚಕ್ರದ ಕಡ್ಡಿಗಳೆಂಬುದು ಆಗ ತಿಳಿಯಿತು.

ಹಿಂಬದಿಯಲ್ಲಿ ಜೋಡಿ ಗೆರೆ ಎದ್ದರೆ

ಉಲ್ಟಾ ಬದಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ, ಉತ್ತ ಗದ್ದೆಯ ಸಾಲುಗಳಂತೆ ಎರಡೆರಡು ಸಾಲಿಗೊಮ್ಮೆ ತಗ್ಗು ಕಂಡರೆ, ಒಂದು ಬಗೆಯ ಸಾಲು ಇನ್ನೊಂದಕ್ಕಿಂತ ಸಡಿಲವಾಗಿದೆ ಎಂದರ್ಥ. ಸಾಮಾನ್ಯವಾಗಿ ಸಡಿಲವಾಗುವುದು ಉಲ್ಟಾ ಸಾಲು. ಆದರೆ ಡಬ್ಬಿಯ ಕಡ್ಡಿಗಳನ್ನು ಅಳೆದಾಗ ನನಗೆ ಇನ್ನೊಂದು ಕಾರಣವೂ ಸಿಕ್ಕಿತು: ಅತ್ತಿಗೆ ಜೋಡಿಯೆಂದು ಬಳಸುತ್ತಿದ್ದ ಎರಡು ಕಡ್ಡಿಗಳಲ್ಲಿ ಒಂದು 10, ಇನ್ನೊಂದು 9. ಕುಣಿಕೆಯ ದೊಡ್ಡ-ಚಿಕ್ಕದನ್ನು ತೀರ್ಮಾನಿಸುವುದು ಹೊಸ ಕುಣಿಕೆ ರೂಪುಗೊಳ್ಳುವ ಬಲಗೈಯ ಕಡ್ಡಿ. ಅವರ ಉಲ್ಟಾ ಸಾಲುಗಳೆಲ್ಲ ದಪ್ಪ ಕಡ್ಡಿಯ ಮೇಲೆ ಬರುತ್ತಿದ್ದವು. ಉಲ್ಟಾ ಬಿಗಿಯಾಗಿ ಹೆಣೆಯಬೇಕೆಂದು ಅವರಿಗೆ ನಾನೇ ಎರಡು ವರ್ಷ ಉಪದೇಶ ಮಾಡಿದ್ದೆ.

ಇವೆರಡನ್ನು ಬೇರ್ಪಡಿಸುವ ಪರೀಕ್ಷೆ ಸುಲಭ. ಹತ್ತು ಸಾಲು ಹೆಣೆದ ಮೇಲೆ, ಒಂದು ಸಾಲನ್ನು ಮೂರನೆಯ ಕಡ್ಡಿಯಿಂದ ಹೆಣೆದು, ಸೀದಾ ಸಾಲಿಗೆ ಬರುತ್ತಿದ್ದ ಕಡ್ಡಿ ಉಲ್ಟಾ ಸಾಲಿಗೆ ಬರುವಂತೆ ಅದಲುಬದಲು ಮಾಡಿ ಇನ್ನು ಹತ್ತು ಸಾಲು ಹೆಣೆಯಬೇಕು. ತಗ್ಗುಗಳು ಮಾಯವಾದರೆ ಅಥವಾ ಎದ್ದು ಕಾಣುವಷ್ಟು ಬದಲಾದರೆ ದೋಷ ಕಡ್ಡಿಯದು. ಏನೂ ಬದಲಾಗದಿದ್ದರೆ ಕೈಯದು. ಕೈಯದೆಂದು ಖಚಿತವಾದರೆ, ಬಲವಂತವಾಗಿ ಬಿಗಿ ಹಿಡಿದು ಬೆರಳು ನೋಯಿಸಿಕೊಳ್ಳುವ ಬದಲು ಉಲ್ಟಾ ಸಾಲಿಗೆ ಬೇಕೆಂದೇ ಒಂದು ನಂಬರು ಸಪೂರದ ಕಡ್ಡಿಯನ್ನು ಇಟ್ಟುಕೊಳ್ಳುವುದು ನನ್ನ ಮಟ್ಟಿಗೆ ಒಳ್ಳೆಯ ಪರಿಹಾರ.

ಕಾರವಾರದಂತಹ ಕಡಲ ಬದಿಯಲ್ಲಿ ಇನ್ನೊಂದನ್ನು ನೋಡಬೇಕಾಗುತ್ತದೆ. ಉಪ್ಪುಗಾಳಿಗೆ ಉಕ್ಕಿನ ಕಡ್ಡಿ ತುಕ್ಕು ಹಿಡಿಯುತ್ತದೆ, ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಎದ್ದು ಮೈ ಒರಟಾಗುತ್ತದೆ. ಮೇ ತಿಂಗಳ ಬೆವರುಗೈಗೆ ನೂಲು ಜಾರದೆ ನಿಂತಾಗ ನಮಗೆ ಅರಿವಿಲ್ಲದೆಯೇ ಜಗ್ಗಿ ಹೆಣೆಯುತ್ತೇವೆ. ಹತ್ತಿಯ ಒಂದು ಚೂರನ್ನು ಕಡ್ಡಿಯ ಉದ್ದಕ್ಕೂ ಸವರಿದರೆ ಒರಟಿರುವಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಅತಿ ನಯವಾದ ಪಾಲಿಶ್ ಕಾಗದದಿಂದ ಉಜ್ಜಿ ಒರೆಸಿದರೆ ಸಾಕು.

ಕಾಲು ಅಡ್ಡಬಿದ್ದ ಕುಣಿಕೆ

ಬಟ್ಟೆ ಬಿಗಿಯಾಗಿ, ಹಿಗ್ಗದೆ, ಅಳತೆಗಿಂತ ಕಿರಿದಾಗಿ ಬಂದಿದ್ದರೆ ಸೀದಾ ಬದಿಯ ಕುಣಿಕೆಗಳ ಬುಡವನ್ನು ನೋಡಬೇಕು. ಚಳಿಗಾಲದಲ್ಲಿ ಪೇಟೆಗೆ ಬರುವ ಟಿಬೆಟನ್ ವ್ಯಾಪಾರಿಗಳಿಂದ ಕೊಂಡ ಯಂತ್ರದ ಸ್ವೆಟರ್ ಮನೆಯಲ್ಲಿದ್ದರೆ ಪಕ್ಕದಲ್ಲಿಟ್ಟು ಹೋಲಿಸಬಹುದು. ಅದರಲ್ಲಿ ಪ್ರತಿ ಕುಣಿಕೆಯ ಎರಡು ಕಾಲುಗಳು ಬುಡದಲ್ಲಿ ಬಿಡಿಬಿಡಿಯಾಗಿರುತ್ತವೆ. ನಮ್ಮದರಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಕಾಲುಗಳು ಒಂದರ ಮೇಲೊಂದು ಅಡ್ಡಬಿದ್ದಿದ್ದರೆ, ಉಲ್ಟಾ ಹೆಣೆಯುವಾಗ ನೂಲನ್ನು ಕಡ್ಡಿಯ ಮೇಲಿನಿಂದ ಸುತ್ತುವ ಬದಲು ಕೆಳಗಿನಿಂದ ಹತ್ತಿರದ ದಾರಿಯಲ್ಲಿ ಎಳೆದುಕೊಳ್ಳುತ್ತಿದ್ದೇವೆ. ಆಗ ಕುಣಿಕೆಯ ಮುಂಗಾಲು ಕಡ್ಡಿಯ ಹಿಂದಕ್ಕೆ ಹೋಗಿರುತ್ತದೆ, ಮುಂದಿನ ಸೀದಾ ಸಾಲಿನಲ್ಲಿ ಮುಂಬದಿಗೆ ಕಡ್ಡಿ ಚುಚ್ಚಿದರೆ ತಿರುಚಿಕೊಳ್ಳುತ್ತದೆ. ಸುತ್ತಿನಲ್ಲಿ ಹೆಣೆದ ಟೋಪಿ ಸರಿಬಂದು ಸ್ವೆಟರ್ ಮಾತ್ರ ಬಿಗಿಯಾಗುವವರಲ್ಲಿ ಇದೇ ಕಾರಣವಿರುವ ಸಂಭವ ಹೆಚ್ಚು, ಏಕೆಂದರೆ ಸುತ್ತಿನ ಹೆಣಿಗೆಯಲ್ಲಿ ಉಲ್ಟಾ ಸಾಲೇ ಇರುವುದಿಲ್ಲ. ನೂಲು ಸುತ್ತುವ ದಿಕ್ಕನ್ನು ಬದಲಿಸಬಹುದು. ಅದು ಒಗ್ಗದಿದ್ದರೆ ಸೀದಾ ಸಾಲಿನಲ್ಲಿ ಹಿಂದಿನ ಕಾಲಿಗೇ ಕಡ್ಡಿ ಚುಚ್ಚಿದರೂ ತಿರುಚು ಬಿಟ್ಟುಹೋಗುತ್ತದೆ.

ಕುಣಿಕೆ ಹೆಚ್ಚಾದರೆ, ಕಡಿಮೆಯಾದರೆ

ಹೊಸಬರಿಗೆ 40 ಕುಣಿಕೆ ಹಾಕಿದ ಮಫ್ಲರ್ ಅರ್ಧಕ್ಕೆ ಬರುವಾಗ 47 ಆಗಿರುತ್ತದೆ. ನಡುವೆ ಸಣ್ಣ ತೂತುಗಳು ಕಂಡರೆ, ಸೀದಾದಿಂದ ಉಲ್ಟಾಕ್ಕೆ ಹೊರಳುವಾಗ ನೂಲು ಕಡ್ಡಿಯ ಮೇಲೆ ಹಾದುಹೋಗಿದೆ. ತೂತಿಲ್ಲದೆ ಅಂಚು ಮಾತ್ರ ಹೊರಕ್ಕೆ ಸೊಟ್ಟಗಾಗಿದ್ದರೆ, ಸಾಲಿನ ಆರಂಭದಲ್ಲಿ ನೂಲನ್ನು ಕಡ್ಡಿಯ ಮೇಲಿನಿಂದ ಹಿಂದಕ್ಕೆ ಎಳೆದಿದ್ದೇವೆ. ಮೊದಲ ಕುಣಿಕೆ ಮೇಲೆದ್ದು ಅದರ ಎರಡು ಕಾಲುಗಳು ಎರಡು ಕುಣಿಕೆಗಳಂತೆ ಕಂಡಿವೆ. ಕಡಿಮೆಯಾಗಿದ್ದರೆ ಎಲ್ಲೋ ಒಂದು ಜಾರಿ, ಕೆಳಗಿನವರೆಗೆ ಏಣಿಯಂತೆ ಇಳಿದಿರುತ್ತದೆ. ಸೀದಾ ಬದಿಯಿಂದ ಕ್ರೋಶಾ ಕಡ್ಡಿಯನ್ನು ಆ ಕುಣಿಕೆಯೊಳಗೆ ಹಾಕಿ, ಏಣಿಯ ಮೆಟ್ಟಿಲುಗಳಲ್ಲಿ ತೀರ ಕೆಳಗಿನದನ್ನು ಮೊದಲು ಕೊಕ್ಕೆಗೆ ಸಿಕ್ಕಿಸಿ ಒಳಗಿನಿಂದ ಎಳೆದು, ಹೀಗೆ ಒಂದನ್ನೂ ಬಿಡದೆ ಮೇಲೇರಿದರೆ ಬಟ್ಟೆ ಮೊದಲಿನಂತಾಗುತ್ತದೆ.

ತಲೆಗೆ ಹೋಗದ ಕುಲಾವಿ

ಎಳೆಮಗುವಿನ ತಲೆಸುತ್ತು ಹುಟ್ಟಿದಾಗ ಸುಮಾರು 35 ಸೆಂ.ಮೀ., ವರ್ಷ ತುಂಬುವಾಗ ಸುಮಾರು 46. ಕುಲಾವಿ ಅಥವಾ ಸ್ವೆಟರಿನ ಕುತ್ತಿಗೆ ತಲೆಗೆ ಹೋಗದಿದ್ದಾಗ ಬಹಳಷ್ಟು ಸಲ ಕುಣಿಕೆ ಕಡಿಮೆಯಾಗಿರುವುದಿಲ್ಲ, ಅಂಚು ಬಿಗಿಯಾಗಿರುತ್ತದೆ. ಹೆಣಿಗೆಯನ್ನು ಎರಡು ಕೈಯಲ್ಲಿ ಹಿಗ್ಗಿಸಿ ನೋಡಬೇಕು: ಮೈ ಹಿಗ್ಗಿ ಅಂಚು ಮಾತ್ರ ದಾರದಂತೆ ತಡೆದು ನಿಂತರೆ, ಅದು ಕುಣಿಕೆ ಹಾಕಿದ ಅಥವಾ ಮುಗಿಸಿದ ಸಾಲಿನ ದೋಷ. ಮುಗಿಸಿದ ಅಂಚಾದರೆ ಆ ಒಂದೇ ಸಾಲನ್ನು ಬಿಚ್ಚಿ, ಎರಡು ನಂಬರು ದಪ್ಪದ ಕಡ್ಡಿಯಿಂದ ಮತ್ತೆ ಮುಗಿಸಬೇಕು. ಶುರುವಿನ ಅಂಚಾದರೆ ತೋಳಿಗೆ ಹೇಳಿದಂತೆ ಕತ್ತರಿಸಿ ಕೆಳಮುಖವಾಗಿ ಹೆಣೆಯುವುದೊಂದೇ ದಾರಿ.

ಇಡೀ ಬಟ್ಟೆ ಒಂದೇ ಕಡೆಗೆ ಓರೆಯಾಗಿದ್ದು ಮೇಲಿನ ಯಾವ ಕಾರಣವೂ ಹೊಂದದಿದ್ದರೆ ನೂಲಿನ ಹುರಿಯನ್ನು ನೋಡಬೇಕು. ಒಂದು ಮೊಳ ನೂಲನ್ನು ಎರಡು ತುದಿ ಕೂಡಿಸಿ ಜೋಲುಬಿಟ್ಟಾಗ ಅದು ತನ್ನಷ್ಟಕ್ಕೆ ಹಗ್ಗದಂತೆ ಸುತ್ತಿಕೊಂಡರೆ ಹುರಿ ಹೆಚ್ಚಾಗಿದೆ. ಅದನ್ನು ಒಂದೆಳೆಯ ಸಾದಾ ಹೆಣಿಗೆಗೆ ಬಳಸದೆ, ಎರಡೂ ಬದಿಯಲ್ಲಿ ಸೀದಾ ಹೆಣೆಯುವ ಮಫ್ಲರಿಗೆ ಇಟ್ಟುಕೊಂಡರೆ ಓರೆ ಕಾಣುವುದಿಲ್ಲ.

ಬಣ್ಣದ ದೋಷವನ್ನು ಟ್ಯೂಬ್‌ಲೈಟಿನಲ್ಲಿ ಹುಡುಕಬಾರದು. ಒಂದೇ ಶೇಡ್ ನಂಬರಿನ ಉಂಡೆಗಳಲ್ಲಿಯೂ ಲಾಟ್ ನಂಬರು ಬೇರೆಯಿದ್ದರೆ ಅಂಗಳದ ಬೆಳಕಿನಲ್ಲಿ ಎದೆಯ ನಡುವೆ ಅಡ್ಡ ಗೆರೆ ಎದ್ದು ಕಾಣುತ್ತದೆ. ಕೊಳ್ಳುವಾಗಲೇ ಒಂದು ಉಂಡೆ ಹೆಚ್ಚು ಕೊಳ್ಳುವುದು ಸುಲಭದ ಉಪಾಯ. ಅದು ತಪ್ಪಿಹೋಗಿ ಬೇರೆ ಲಾಟಿನ ಉಂಡೆಯನ್ನೇ ಸೇರಿಸಬೇಕಾಗಿ ಬಂದರೆ, ಹಳೆಯ ಉಂಡೆ ಪೂರ್ತಿ ಮುಗಿಯುವ ಮುನ್ನವೇ ಎರಡು ಸಾಲು ಹಳೆಯದು, ಎರಡು ಸಾಲು ಹೊಸದು ಎಂದು ಹತ್ತು ಹನ್ನೆರಡು ಸಾಲುಗಳವರೆಗೆ ಬೆರೆಸುತ್ತ ಹೋಗಿ, ಆಮೇಲೆ ಹೊಸದನ್ನು ಒಂದೇ ಆಗಿ ಮುಂದುವರಿಸಬೇಕು.